ಡಿಸ್ಕ್ ಕಪ್ಪಾಗುವ ಮೊದಲೇ

ಕೇಳುಗರಿಗೆ ನಮಸ್ಕಾರ. ಬೆನ್ನಿನ ಡಿಸ್ಕ್ ಸವೆಯುವುದನ್ನು ಬೇಗನೆ ಕಂಡುಹಿಡಿಯುವ ಬಗ್ಗೆ ಇವತ್ತಿನ ಮಾತು.

ರೇಡಿಯೊದಲ್ಲಿ ಒಂದು ಕೇಂದ್ರ ಹಿಡಿದು ಕೇಳುತ್ತಿದ್ದೀರಿ ಅಲ್ವಾ? ಮೈಯೊಳಗಿನ ಚಿತ್ರ ತೆಗೆಯುವ ಎಂಆರ್‌ಐ ಯಂತ್ರವೂ ಹೀಗೇ ಕೇಳುತ್ತದೆ. ಎಫ್‌ಎಂ ಕೇಂದ್ರಗಳು 88ರಿಂದ 108 ಮೆಗಾಹರ್ಟ್ಸ್ ಒಳಗೆ ಸಿಗುತ್ತವೆ. 3 ಟೆಸ್ಲಾ ಕಾಂತಶಕ್ತಿಯ ಯಂತ್ರದಲ್ಲಿ ನಮ್ಮ ಮೈಯೊಳಗಿನ ನೀರಿನ ಹೈಡ್ರೋಜನ್ ಸುಮಾರು 128 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಆ ಸದ್ದಿನಿಂದಲೇ ಚಿತ್ರ ಮೂಡುತ್ತದೆ. ಈ ದಾರಿ ತೋರಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು.

ನಮ್ಮ ಬೆನ್ನುಮೂಳೆಗಳ ನಡುವೆ ಮೆತ್ತೆಯಂಥ 23 ಡಿಸ್ಕ್‌ಗಳಿವೆ. ಸುತ್ತ ಈರುಳ್ಳಿ ಪದರದಂಥ ನಾರು, ನಡುವೆ ಎಳೆ ತಾಟಿನಿಂಗಿನಂಥ ಲೋಳೆ. ಈ ಲೋಳೆಯಲ್ಲಿ ನೀರನ್ನು ಹಿಡಿದಿಡುವುದು ಪ್ರೋಟಿಯೋಗ್ಲೈಕಾನ್ ಎಂಬ ವಸ್ತು. ಸವೆತ ಶುರುವಾದಾಗ ಮೊದಲು ಅದು ಕಡಿಮೆಯಾಗುತ್ತದೆ. ಹಿಂದೆಯೇ ನೀರೂ ಹೋಗುತ್ತದೆ. ಡಿಸ್ಕ್ ಕುಗ್ಗುವುದು ಆಮೇಲೆ. ಎಕ್ಸ್‌ರೇಯಲ್ಲಿ ಗೊತ್ತಾಗುವುದು ಆ ಕುಗ್ಗಿದ ಜಾಗ ಅಷ್ಟೇ.

ಮಾಮೂಲಿ ಎಂಆರ್‌ಐ ಇನ್ನೂ ಮುಂಚೆ ಹೇಳುತ್ತದೆ. ನೀರಿರುವ ಡಿಸ್ಕ್ ಬೆಳ್ಳಗೆ, ಒಣಗಿದ್ದು ಕಪ್ಪಗೆ. 2001ರಲ್ಲಿ ಬಂದ ಫಿರ್ಮನ್ ದರ್ಜೆಯಲ್ಲಿ ಇದಕ್ಕೆ 1ರಿಂದ 5ರವರೆಗೆ ಅಂಕಿ ಕೊಡುತ್ತಾರೆ. ಆದರೆ ಅದು ಕಣ್ಣಂದಾಜು. ಟಿ-ಒನ್-ರೋ ಎಂಬ ಇನ್ನೊಂದು ಎಂಆರ್‌ಐ ವಿಧಾನದಲ್ಲಿ ಅಂದಾಜಿಲ್ಲ, ಅಳತೆಯಿದೆ. ಪ್ರೋಟಿಯೋಗ್ಲೈಕಾನ್ ಕರಗುತ್ತಿದ್ದರೆ ಆ ಅಳತೆ ಬದಲಾಗುತ್ತದೆ.

ನನಗೆ ತುಂಬ ಹಿಡಿಸಿದ್ದು ಹೈಡ್ರೋಜನ್ ಬದಲು ಸೋಡಿಯಂ ಸದ್ದು ಕೇಳುವ ಎಂಆರ್‌ಐ ವಿಧಾನ. ನಮ್ಮ ಅಡುಗೆ ಉಪ್ಪಿನಲ್ಲಿರುವ ಅದೇ ಸೋಡಿಯಂ! ಪ್ರೋಟಿಯೋಗ್ಲೈಕಾನ್ ಅದನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಡಿಸ್ಕಿನಲ್ಲಿ ಸೋಡಿಯಂ ಇಳಿದಿದ್ದರೆ ಪ್ರೋಟಿಯೋಗ್ಲೈಕಾನ್ ಕೂಡ ಇಳಿದಿದೆ ಎಂದು ತಿಳಿಯಬಹುದು. ಕಷ್ಟ ಏನೆಂದರೆ, ಅದೇ 3 ಟೆಸ್ಲಾ ಯಂತ್ರದಲ್ಲಿ ಸೋಡಿಯಂ ಸಿಗುವುದು ಸುಮಾರು 34 ಮೆಗಾಹರ್ಟ್ಸ್‌ನಲ್ಲಿ. ಅದಕ್ಕೆ ಬೇರೆಯೇ ಆಂಟೆನಾ ಬೇಕು. ಸದ್ದೂ ಬಹಳ ಕ್ಷೀಣ. ಹಾಗಾಗಿ ಇದು ಜಾಸ್ತಿ ನಡೆಯುವುದು ಸಂಶೋಧನೆಯಲ್ಲೇ.

ಇಷ್ಟು ಬೇಗ ಕಂಡುಹಿಡಿದು ಏನು ಲಾಭ? ಡಿಸ್ಕ್ ಉಳಿಸುವ ಹೊಸ ಚಿಕಿತ್ಸೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಇಂಥ ಅಳತೆ ಬೇಕೇ ಬೇಕು. ಆದರೆ ವರದಿಯಲ್ಲಿ ‘ಡಿಸ್ಕ್ ಸವೆತ’ ಎಂದು ಓದಿದ ಕೂಡಲೇ ಹೆದರಬೇಡಿ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು 2015ರ ಒಂದು ಪರಿಶೀಲನೆಯಲ್ಲಿ ಒಟ್ಟಿಗೆ ನೋಡಿದರು. 20ರ ವಯಸ್ಸಿನಲ್ಲೇ ನೂರಕ್ಕೆ 37 ಜನರಿಗೆ ಸವೆತ ಇತ್ತು. 80ರಲ್ಲಿ 96 ಜನರಿಗೆ. ಹಾಗಾಗಿ ವೈದ್ಯರನ್ನು ಕೇಳಿ: ‘ನನ್ನ ನೋವಿಗೂ ಈ ಡಿಸ್ಕಿಗೂ ಸಂಬಂಧ ಇದೆಯಾ?’

ಕಾಲು ಸೋತರೆ, ಮೂತ್ರ ಕಟ್ಟಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ನಮಸ್ಕಾರ.