ಕಾಲ್ ಬುಕ್ಕಿನಲ್ಲಿ ಬರೆದ ಹೊತ್ತು

ಕೇಳುಗ ಬಂಧುಗಳಿಗೆ ನಮಸ್ಕಾರ. ಹೊಸದಾಗಿ ವೈದ್ಯರಾದವರು ಆಸ್ಪತ್ರೆಯ ಕೆಲಸವನ್ನು ಹೇಗೆ ಕಲಿಯುತ್ತಾರೆ, ಅದಕ್ಕೆ ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದರ ಬಗ್ಗೆ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದ್ದಾರೆ. ಮೂರು ದಶಕಗಳ ಕಾಲ ಮೆಡಿಸಿನ್ ವಿಭಾಗದಲ್ಲಿ ಪಾಠ ಹೇಳಿ, ವಾರ್ಡಿನಲ್ಲಿ ರೌಂಡ್ಸ್ ಮಾಡಿ ನಿವೃತ್ತಳಾದವಳು ನಾನು. ಈ ಮೈಕಿನ ಮುಂದೆ ಕುಳಿತಾಗ, ಎಂಬಿಬಿಎಸ್ ಮುಗಿಸಿದ ಮಗಳು ವಾರಕ್ಕೊಮ್ಮೆಯೂ ಸರಿಯಾಗಿ ಫೋನ್ ಮಾಡುತ್ತಿಲ್ಲವಲ್ಲ ಎಂದು ಕೊರಗುತ್ತಿರುವ ಒಬ್ಬ ತಾಯಿ ನನ್ನ ಕಣ್ಣ ಮುಂದೆ ಬರುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ತಮ್ಮನ ಮಂಚದ ಪಕ್ಕ ಕುಳಿತು, ‘ಮೀಸೆ ಮೂಡದ ಈ ಹುಡುಗ ನಿಜವಾಗಿಯೂ ಡಾಕ್ಟರೇ?’ ಎಂದು ಯೋಚಿಸುತ್ತಿರುವ ಒಬ್ಬ ಅಣ್ಣನೂ ಬರುತ್ತಾರೆ. ಅವರಿಬ್ಬರಿಗೂ, ಡ್ಯೂಟಿ ರೂಮಿನಲ್ಲಿ ಈ ಮಾತು ಕೇಳುತ್ತಿರಬಹುದಾದ ಆ ಹುಡುಗನಿಗೂ ನಾನು ಹೇಳಬೇಕಾದದ್ದು ಒಂದೇ. ಹೊಸ ವೈದ್ಯ ಮೊದಲು ಕಲಿಯಬೇಕಾದ ವಿದ್ಯೆಯೆಂದರೆ ತನಗೆ ತಿಳಿಯದಿದ್ದಾಗ ಹಿರಿಯರನ್ನು ಕರೆಯುವುದು, ತಡಮಾಡದೆ ಕರೆಯುವುದು.

ಹೌಸ್ ಸರ್ಜನ್ ಎಂದರೆ ಯಾರೆಂದು ಮೊದಲು ಹೇಳಿಬಿಡುತ್ತೇನೆ. ನಾಲ್ಕೂವರೆ ವರ್ಷ ಓದಿ ಕೊನೆಯ ಪರೀಕ್ಷೆಯಲ್ಲಿ ಪಾಸಾದವರು ತಾತ್ಕಾಲಿಕ ನೋಂದಣಿ ಪಡೆದು ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯಬೇಕು. ಆಮೇಲಷ್ಟೇ ಅವರು ಪೂರ್ಣ ವೈದ್ಯರು. ಹೆಸರಿನಲ್ಲಿ ಸರ್ಜನ್ ಎಂದಿದ್ದರೂ ಅವರು ಶಸ್ತ್ರಚಿಕಿತ್ಸಕರಲ್ಲ, ಎಲ್ಲ ವಿಭಾಗಗಳನ್ನೂ ಸುತ್ತಿ ಬರುವವರು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳಂತೆ ಸಮುದಾಯ ವೈದ್ಯಕೀಯದಲ್ಲಿ 12 ವಾರ, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ 7 ವಾರ, ಮೆಡಿಸಿನ್ ಮತ್ತು ಸರ್ಜರಿಯಲ್ಲಿ ತಲಾ 6 ವಾರ, ಮಕ್ಕಳ ವಿಭಾಗದಲ್ಲಿ 3 ವಾರ, ಕಣ್ಣು, ಮೂಳೆ, ಅರಿವಳಿಕೆ, ಮನೋವೈದ್ಯಕೀಯ, ತುರ್ತು ಚಿಕಿತ್ಸೆ ಮುಂತಾದವುಗಳಲ್ಲಿ ಎರಡೆರಡು ವಾರ. ಈ ಲೆಕ್ಕವನ್ನು ಯಾಕೆ ಹೇಳಿದೆನೆಂದರೆ, ಒಂದು ವಾರ್ಡಿನಲ್ಲಿ ಆಕ್ಸಿಜನ್ ಸಿಲಿಂಡರಿನ ಕೀ ಎಲ್ಲಿದೆ, ತುರ್ತು ಔಷಧಗಳ ಟ್ರೇ ಯಾವ ಕಪಾಟಿನಲ್ಲಿದೆ, ಯಾವ ಸಿಸ್ಟರ್ ಏನು ಹೇಳುತ್ತಾರೆ ಎಂದು ತಿಳಿಯುವಷ್ಟರಲ್ಲಿ ಪೋಸ್ಟಿಂಗ್ ಬದಲಾಗಿರುತ್ತದೆ. ವರ್ಷವಿಡೀ ಅವರು ಪ್ರತಿ ಸ್ಥಳಕ್ಕೂ ಹೊಸಬರೇ ಆಗಿರುತ್ತಾರೆ.

ಕಾಲೇಜಿನ ಕೌಶಲ ಪ್ರಯೋಗಾಲಯದಲ್ಲಿ ರಬ್ಬರಿನ ತೋಳಿಗೆ ಸೂಜಿ ಹಾಕುವುದನ್ನು ಈಗ ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಎಂಬತ್ತು ದಾಟಿದ ಅಜ್ಜಿಯ ತೋಳಿನ ನರ ಸೂಜಿಯ ಮೊನೆ ತಾಗುತ್ತಲೇ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಎರಡನೆಯ ಸಲವೂ ತಪ್ಪಿ, ಅಜ್ಜಿ ‘ಇರಲಿ ಬಿಡಪ್ಪಾ, ಇನ್ನೊಂದು ಕೈ ನೋಡು’ ಎಂದಾಗ ಆ ಹುಡುಗನ ಕೈ ನಡುಗುತ್ತದೆ. ಮೂರನೆಯ ಸಲ ಚುಚ್ಚುವ ಮೊದಲು ಬೇರೆಯವರನ್ನು ಕರೆಯಬೇಕು. ಇದು ಅವಮಾನವಲ್ಲ.

ಭಾಷೆಯ ವಿಷಯವೂ ಇಷ್ಟೇ. ನಮ್ಮ ಮೈಸೂರು ಸೀಮೆಯಲ್ಲಿ ರೋಗಿಯೊಬ್ಬರು ‘ಸಂಕಟ ಆಗ್ತಿದೆ’ ಎಂದರೆ ಅದು ವಾಕರಿಕೆಯೂ ಇರಬಹುದು, ಹೊಟ್ಟೆಯ ಉಬ್ಬರವೂ ಇರಬಹುದು, ಹೃದಯಾಘಾತದ ಮೊದಲ ಸೂಚನೆಯೂ ಇರಬಹುದು. ಹುಬ್ಬಳ್ಳಿಯ ಕಡೆ ‘ಬ್ಯಾನಿ’ ಎನ್ನುವುದು ನೋವನ್ನು. ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಹೋದ ಕನ್ನಡದ ಮಕ್ಕಳೇ ತಡವರಿಸುವಾಗ, ಹೊರ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳ ಪಾಡನ್ನು ಹೇಳಬೇಕಾಗಿಲ್ಲ. ‘ಎಲ್ಲಿ ಸಂಕಟ, ಕೈಯಿಟ್ಟು ತೋರಿಸಿ’ ಎಂದು ಎರಡನೆಯ ಸಲ ಕೇಳಬೇಕು. ಆಗಲೂ ಅರ್ಥವಾಗದಿದ್ದರೆ ವಾರ್ಡಿನ ಆಯಾ ಅವರನ್ನಾದರೂ ಕೇಳಬೇಕು. ಕೇಳದೆ ಊಹಿಸಬಾರದು.

ಈಗ ಕಾಲ್ ಬುಕ್ಕಿನ ವಿಷಯಕ್ಕೆ ಬರುತ್ತೇನೆ. ಕಾಲ್ ಬುಕ್ ಎಂದರೆ ರಟ್ಟಿನ ಹೊದಿಕೆಯ ಒಂದು ಉದ್ದನೆಯ ಪುಸ್ತಕ. ವಾರ್ಡಿನಲ್ಲಿರುವ ಕಿರಿಯ ವೈದ್ಯರಿಗೆ ಹಿರಿಯರ ನೆರವು ಬೇಕಾದಾಗ ರೋಗಿಯ ಹೆಸರು, ಮಂಚದ ನಂಬರು, ಏನು ತೊಂದರೆ, ಗಂಟೆ ಎಷ್ಟು ಎಂಬುದನ್ನು ಅದರಲ್ಲಿ ಬರೆದು ವಾರ್ಡ್ ಬಾಯ್ ಕೈಯಲ್ಲಿ ಕಳುಹಿಸುತ್ತಾರೆ. ಹಿರಿಯರು ತಾವು ನೋಡಿದ ಹೊತ್ತನ್ನು ಬರೆದು ಸಹಿ ಹಾಕಿ ಹೊರಟು ಬರುತ್ತಾರೆ. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಆದರೂ ಎಷ್ಟೋ ಆಸ್ಪತ್ರೆಗಳಲ್ಲಿ ಕಾಲ್ ಬುಕ್ ಉಳಿದುಕೊಂಡಿದೆ, ಉಳಿಯಲೂ ಬೇಕು. ಯಾಕೆಂದು ಒಂದು ರಾತ್ರಿಯ ಕಥೆಯಿಂದಲೇ ಹೇಳುತ್ತೇನೆ.

ನಾನು ಹೌಸ್ ಸರ್ಜನ್ ಆಗಿದ್ದ ಕಾಲ. ಆಸ್ಪತ್ರೆಯ ಸುತ್ತಲಿನ ಊರುಗಳಲ್ಲೆಲ್ಲ ಹತ್ತಿ ಬೆಳೆಯುತ್ತಿದ್ದರು. ಕೀಟನಾಶಕ ಸಿಂಪಡಿಸುವುದಕ್ಕೆ ಅಲ್ಲಿನವರು ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಎಣ್ಣೆ ಹೊಡೆಯುವ ದಿನಗಳಲ್ಲಿ ಒಂದು ಸಂಜೆ, ಇಪ್ಪತ್ತೈದರ ಆಸುಪಾಸಿನ ರೈತನೊಬ್ಬನನ್ನು ಅವನ ಅಣ್ಣ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಬೆನ್ನಿಗೆ ಕಟ್ಟಿಕೊಂಡಿದ್ದ ಪಂಪು ಸೋರಿ, ಬೆಳಗಿನಿಂದ ಅಂಗಿ ನೆನೆದೇ ಇತ್ತಂತೆ. ಮೈಯೆಲ್ಲ ಬೆವರು, ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಚಿಕ್ಕದು, ತೊಡೆಯ ಸ್ನಾಯುಗಳಲ್ಲಿ ಹುಳು ಹರಿದಾಡಿದಂತೆ ಅದುರು. ಬಟ್ಟೆ ತೆಗೆಸಿ, ಸೋಪು ಹಚ್ಚಿ ಮೈ ತೊಳೆಸಿ, ಈ ವಿಷಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಕೊಡಲು ಶುರು ಮಾಡಿದೆವು. ಒಂದೊಂದು ಗಾಜಿನ ಆಂಪುಲ್‌ನಲ್ಲಿ ಇರುತ್ತಿದ್ದದ್ದು 0.6 ಮಿಲಿಗ್ರಾಂ ಮಾತ್ರ. ಇಂಥ ರೋಗಿಗೆ ಒಂದೇ ರಾತ್ರಿಯಲ್ಲಿ ಅವು ಹತ್ತಾರು ಬೇಕಾಗುತ್ತವೆ. ಒಂದರ ಹಿಂದೆ ಒಂದರಂತೆ ಅವುಗಳ ಕತ್ತು ಮುರಿಯುತ್ತ ನನ್ನ ಹೆಬ್ಬೆರಳು ಸೀಳಿತ್ತು. ಅದಕ್ಕೆ ಹತ್ತಿಬಟ್ಟೆ ಸುತ್ತಿಕೊಂಡು ಮತ್ತೆ ಮುರಿಯುತ್ತಿದ್ದೆ. ನಮ್ಮ ಪಿ.ಜಿ. ಡಾಕ್ಟರು, ಅಂದರೆ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುತ್ತಿದ್ದ ಹಿರಿಯ ವೈದ್ಯರು, ಬಂದು ನೋಡಿ, ‘ಪಾಪೆ ಅಗಲ ಆಗುವ ತನಕ ಕೊಡುತ್ತಿರು. ಸುಮ್ಮಸುಮ್ಮನೆ ಎಬ್ಬಿಸಬೇಡ’ ಎಂದು ಹೇಳಿ, ಎರಡು ದಿನದ ನಿದ್ದೆ ಬಾಕಿಯಿದ್ದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ ಡ್ಯೂಟಿ ರೂಮಿಗೆ ಹೋದರು.

ರಾತ್ರಿ ಎರಡರ ಹೊತ್ತಿಗೆ ಪಾಪೆ ಅಗಲವಾಗಿತ್ತು. ಬಾಯಿ ಒಣಗಿತ್ತು, ನಾಡಿ 110 ಇತ್ತು. ಪುಸ್ತಕದಲ್ಲಿ ಓದಿದ್ದೆಲ್ಲ ಕಣ್ಣೆದುರಿಗೆ ನಡೆದಿದೆ ಎಂದು ನನಗೆ ತುಂಬಾ ಸಂತೋಷವಾಗಿತ್ತು. ಡ್ರಿಪ್ ಬದಲಾಯಿಸಲು ಬಂದ ಹಿರಿಯ ಸಿಸ್ಟರ್ ಟಾರ್ಚನ್ನು ಅವನ ಎದೆಯ ಮೇಲೆ ಹಿಡಿದು ಒಂದು ನಿಮಿಷ ಸುಮ್ಮನೆ ನಿಂತರು. ಆಮೇಲೆ, ‘ಇವನ ಉಸಿರು ಯಾಕೋ ಸರಿ ಕಾಣವಲ್ದರಿ ಡಾಕ್ಟ್ರೇ. ಸರ್‌ನ ಕರೀರಿ’ ಎಂದರು. ನಾನು ಅವನಿಗೆ ದಿಂಬಿನಿಂದ ತಲೆ ಎತ್ತಲು ಹೇಳಿದೆ. ಅವನಿಗೆ ಆಗಲಿಲ್ಲ. ಕೇಸ್ ಶೀಟಿನಲ್ಲಿ ಅದನ್ನು ಬರೆದು 2:10 ಎಂದು ಹೊತ್ತು ಹಾಕಿದೆ. ಕಾಲ್ ಬುಕ್ಕನ್ನು ಎಳೆದುಕೊಂಡು ಮಂಚದ ನಂಬರನ್ನೂ ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಪಾಪೆ ಅಗಲವಾಗಿದೆ, ಅವರು ಹೇಳಿದ್ದು ಅದೊಂದನ್ನೇ, ಈಗ ಎಬ್ಬಿಸಿದರೆ ‘ಇಷ್ಟೂ ಗೊತ್ತಾಗುವುದಿಲ್ಲವೇ’ ಎನ್ನುವುದಿಲ್ಲವೇ? ಬ್ಯಾಗಿನಿಂದ ಪಠ್ಯಪುಸ್ತಕ ತೆಗೆದು ಹಾಳೆ ತಿರುವತೊಡಗಿದೆ. ಒಂದೇ ಉಸಿರಿನಲ್ಲಿ ಎಷ್ಟಾಗುವುದೋ ಅಷ್ಟು ಎಣಿಸಪ್ಪಾ ಎಂದು ಅವನಿಗೆ ಹೇಳಿದೆ. ಒಂದು, ಎರಡು, ಮೂರು ಎಂದು ಹನ್ನೊಂದರ ತನಕ ಎಣಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿದಾಗ ಎಂಟಕ್ಕೆ ನಿಂತ. ಆಮೇಲೆ ಐದಕ್ಕೆ ನಿಂತ. ಸಿಸ್ಟರ್ ಮೇಜಿನ ಬಳಿ ಬಂದು, ‘ನೀವು ಬರೀತೀರೋ, ನಾ ಬರೀಲೋ?’ ಎಂದು ಕೇಳಿದರು. ಆಗ ನಾನು ಬರೆದೆ. ಗಂಟೆ 2:40.

ಪಿ.ಜಿ. ಡಾಕ್ಟರು ನಾಲ್ಕೇ ನಿಮಿಷದಲ್ಲಿ ಹವಾಯಿ ಚಪ್ಪಲಿಯಲ್ಲಿ ಓಡಿ ಬಂದರು. ಗಂಟಲಿಗೆ ನಳಿಗೆ ಹಾಕಿದರು. ಆಸ್ಪತ್ರೆಯಲ್ಲಿದ್ದ ವೆಂಟಿಲೇಟರ್ ಬೇರೊಬ್ಬರಿಗೆ ಹಾಕಿದ್ದರಿಂದ ಉಸಿರು ತುಂಬುವ ಚೀಲವಾದ ಆಂಬು ಬ್ಯಾಗನ್ನು ಕೈಯಿಂದಲೇ ಒತ್ತಬೇಕಾಯಿತು. ನಾನು, ನನ್ನ ಇಬ್ಬರು ಸಹಪಾಠಿಗಳು, ರೋಗಿಯ ಅಣ್ಣ, ಹೀಗೆ ಸರದಿಯಂತೆ ಮಾರನೆಯ ದಿನ ಸಂಜೆಯವರೆಗೂ ಒತ್ತಿದೆವು. ಅವನು ಉಳಿದ, ಹದಿನೈದು ದಿನಗಳ ಮೇಲೆ ನಡೆದುಕೊಂಡೇ ಮನೆಗೆ ಹೋದ. ಅಟ್ರೋಪಿನ್ ಶ್ವಾಸಕೋಶದಲ್ಲಿ ತುಂಬಿದ ನೀರನ್ನು ಒಣಗಿಸುತ್ತದೆಯೇ ಹೊರತು ಉಸಿರಾಡಿಸುವ ಸ್ನಾಯುಗಳಿಗೆ ಬಲ ಕೊಡುವುದಿಲ್ಲ. ಪಾಪೆ ಎಷ್ಟೇ ಅಗಲವಾಗಿದ್ದರೂ ಕತ್ತು ಎತ್ತಲಾಗದವನ ಉಸಿರು ನಿಲ್ಲಬಹುದು. ಇದು ನನಗೆ ಗೊತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ ಆಚೆ ಮಲಗಿದ್ದವರಿಗೆ ಗೊತ್ತಿತ್ತು.

ಬೆಳಗಿನ ರೌಂಡ್ಸಿಗೆ ಬಂದ ನಮ್ಮ ಯೂನಿಟ್ ಚೀಫ್ ಒಂದು ಕೈಯಲ್ಲಿ ಕೇಸ್ ಶೀಟು, ಇನ್ನೊಂದು ಕೈಯಲ್ಲಿ ಕಾಲ್ ಬುಕ್ಕು ಹಿಡಿದು ಎರಡನ್ನೂ ಓದಿದರು. 2:10, 2:40. ನನ್ನನ್ನು ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಪಿ.ಜಿ. ಡಾಕ್ಟರ ಕಡೆ ತಿರುಗಿ, ‘ಈ ಹುಡುಗಿ ನಿನ್ನನ್ನು ಎಬ್ಬಿಸುವುದಕ್ಕೆ ಯಾಕೆ ಹೆದರಿದಳು?’ ಎಂದು ಕೇಳಿದರು. ಯಾರೂ ಉತ್ತರ ಹೇಳಲಿಲ್ಲ.

ಆ ಪ್ರಶ್ನೆಯನ್ನು ನಾನು ಹಿರಿಯ ವೈದ್ಯರಾದ ನನ್ನ ಸಹೋದ್ಯೋಗಿಗಳಿಗೆ ಇವತ್ತೂ ಕೇಳುತ್ತೇನೆ, ಇದನ್ನು ಕೇಳುವಾಗ ನನ್ನ ದನಿ ಸ್ವಲ್ಪ ಏರಿದರೆ ಕ್ಷಮಿಸಬೇಕು. ಮಧ್ಯರಾತ್ರಿ ಕರೆದ ಹುಡುಗನ ಮೇಲೆ ಒಂದು ಸಲ ಸಿಡುಕಿದರೆ ಸಾಕು, ಅವನು ಮತ್ತೆ ನಿಮ್ಮನ್ನು ಕರೆಯುವುದಿಲ್ಲ. ರೋಗಿಗಳ ಎದುರಿಗೆ ‘ನಿನಗೆ ಯಾರು ಪಾಸು ಮಾಡಿದರು?’ ಎಂದು ಕೇಳುವುದು ಶಿಸ್ತು ಕಲಿಸುವ ವಿಧಾನವೆಂದು ಇನ್ನೂ ಕೆಲವರು ನಂಬಿದ್ದಾರೆ. ಅದರಿಂದ ಅವನು ಕಲಿಯುವುದು ಮುಚ್ಚಿಡುವುದನ್ನು ಮಾತ್ರ. ಕರೆದಾಗ ಎದ್ದು ಬನ್ನಿ. ಬಂದ ಮೇಲೆ ‘ಕರೆದದ್ದು ಒಳ್ಳೆಯದಾಯಿತು’ ಎನ್ನಿ, ತೊಂದರೆ ಏನೂ ಇರದಿದ್ದರೂ ಹಾಗೆಯೇ ಎನ್ನಿ.

ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆಯೂ ಅಲ್ಲ. 1984ರ ಮಾರ್ಚಿನಲ್ಲಿ ನ್ಯೂಯಾರ್ಕ್ ನಗರದ ಒಂದು ಆಸ್ಪತ್ರೆಯಲ್ಲಿ ಲಿಬಿ ಜಯಾನ್ ಎಂಬ 18 ವರ್ಷದ ಯುವತಿ ದಾಖಲಾದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಆ ರಾತ್ರಿ ಅವಳನ್ನು ನೋಡಿಕೊಂಡವರು ತರಬೇತಿಯಲ್ಲಿದ್ದ ಇಬ್ಬರು ಕಿರಿಯ ವೈದ್ಯರು. ಹಿರಿಯರು ಫೋನಿನಲ್ಲಷ್ಟೇ ಇದ್ದರು. ಅವಳ ತಂದೆಯ ಹೋರಾಟದ ಫಲವಾಗಿ ಸಮಿತಿ ರಚನೆಯಾಗಿ, 1989ರಲ್ಲಿ ಆ ರಾಜ್ಯದಲ್ಲಿ ಕಿರಿಯ ವೈದ್ಯರಿಗೆ ವಾರಕ್ಕೆ 80 ಗಂಟೆಯ ಮಿತಿ ಬಂತು. ಎಲ್ಲರೂ ನೆನಪಿಟ್ಟುಕೊಂಡಿರುವುದು ಈ 80ನ್ನೇ. ಹಿರಿಯ ವೈದ್ಯರು ಹಗಲೂ ರಾತ್ರಿಯೂ ಆಸ್ಪತ್ರೆಯಲ್ಲೇ ಸಿಗುವಂತಿರಬೇಕು ಎಂಬುದೂ ಅದೇ ನಿಯಮಗಳಲ್ಲಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯವಾದದ್ದು.

ನನ್ನ ಕಥೆ ಉದ್ದವಾಯಿತು, ಗಡಿಯಾರದ ಕಡೆ ನೋಡುವಂತೆ ಸ್ಟುಡಿಯೋದವರು ಸನ್ನೆ ಮಾಡುತ್ತಿದ್ದಾರೆ. ಡ್ಯೂಟಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸಿಕೊಡುವುದರ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಅಮೆರಿಕ ಮತ್ತು ಕೆನಡಾದ 9 ಕಡೆ ಮಕ್ಕಳ ವಿಭಾಗದ ಕಿರಿಯ ವೈದ್ಯರಿಗೆ ಕ್ರಮಬದ್ಧವಾಗಿ ಒಪ್ಪಿಸುವುದನ್ನು ಕಲಿಸಿದಾಗ ಚಿಕಿತ್ಸೆಯ ತಪ್ಪುಗಳು ಶೇಕಡ 23ರಷ್ಟು ಇಳಿದವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅದರಲ್ಲಿಯೂ ಮುಖ್ಯವಾದ ಒಂದು ಹೆಜ್ಜೆಯೆಂದರೆ, ಕೇಳಿಸಿಕೊಂಡವರು ತಾವು ತಿಳಿದುಕೊಂಡದ್ದನ್ನು ತಿರುಗಿ ಹೇಳಿ, ಅನುಮಾನವಿದ್ದದ್ದನ್ನು ಅಲ್ಲೇ ಕೇಳುವುದು. ಮತ್ತೆ ನನ್ನ ಮಾತು ಕೇಳುವುದಕ್ಕೇ ಬಂತು. ಇನ್ನು, ಹಳ್ಳಿಯ ಸೇವೆಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗುವ ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಹಿರಿಯರು ಇರುವುದಿಲ್ಲ. ಹೋಗುವ ಮೊದಲೇ ತಾಲ್ಲೂಕು ಆಸ್ಪತ್ರೆಯ ಮತ್ತು ಓದಿದ ಕಾಲೇಜಿನ ನಾಲ್ಕು ಹಿರಿಯರ ನಂಬರುಗಳನ್ನು ಕಾಗದದ ಮೇಲೆ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಬೇಕು. ಮೊಬೈಲ್ ಬ್ಯಾಟರಿ ಮುಗಿದ ದಿನವೇ ಹಾವು ಕಚ್ಚಿದವರು ಬರುತ್ತಾರೆ.

ಕೊನೆಯದಾಗಿ ಆ ತಾಯಿಗೆ ಮತ್ತು ಮಂಚದ ಪಕ್ಕ ಕುಳಿತ ಅಣ್ಣನಿಗೆ ಒಂದೊಂದು ಮಾತು. ಅಮ್ಮಾ, ಮಗಳು ಫೋನ್ ಮಾಡಿದಾಗ ಊಟ ಆಯಿತೇ ಎಂದು ಕೇಳಿದ ಮೇಲೆ, ರಾತ್ರಿ ನಿನ್ನ ಜೊತೆ ಹಿರಿಯರು ಯಾರಿರುತ್ತಾರೆ ಎಂದೂ ಕೇಳಿ. ಅಣ್ಣಾ, ಆ ಹುಡುಗ ನಿಮ್ಮ ತಮ್ಮನನ್ನು ನೋಡಿ, ‘ಸ್ವಲ್ಪ ತಾಳಿ, ಸರ್‌ನ ಕೇಳಿಕೊಂಡು ಬರುತ್ತೇನೆ’ ಎಂದು ಹೇಳಿ ಹೊರಟರೆ, ಇವನಿಗೆ ಏನೂ ಬರುವುದಿಲ್ಲ ಎಂದು ಪಕ್ಕದ ಮಂಚದವರ ಹತ್ತಿರ ಹೇಳಬೇಡಿ. ಬಾಗಿಲಿನಲ್ಲಿ ಗುಂಪು ಕೂಡಿ ನಿಂತಿದ್ದರೆ ಅವನಿಗೆ ದಾರಿ ಬಿಡಿಸಿಕೊಡಿ.

ನಮಸ್ಕಾರ.