ಶೇನ್ ವಿಲಿಯಮ್ಸ್ ಅವರ ಕಾಲ್ಚಳಕ

ಕೇಳುಗರಿಗೆ ನಮಸ್ಕಾರ. ರಗ್ಬಿ ಅಂದರೆ ದೈತ್ಯರು ಡಿಕ್ಕಿ ಹೊಡೆಯುವ ಆಟ ಅಂದುಕೊಂಡಿದ್ದೀರಾ? ಈ ಹತ್ತು ನಿಮಿಷ ಅದನ್ನು ಮರೆತುಬಿಡಿ. ವೇಲ್ಸ್‌ನ ಶೇನ್ ವಿಲಿಯಮ್ಸ್ ಅವರ ಎತ್ತರ ಐದು ಅಡಿ ಏಳು ಇಂಚು. ದೇಶಕ್ಕಾಗಿ ಆಡಿದ್ದು 87 ಪಂದ್ಯ, ಗಳಿಸಿದ್ದು 58 ಟ್ರೈ. ಟ್ರೈ ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು, ಐದು ಅಂಕ. ವೇಲ್ಸ್ ಪರ ಇಷ್ಟು ಟ್ರೈ ಬೇರೆ ಯಾರೂ ಗಳಿಸಿಲ್ಲ.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂದು ಸುಮ್ಮನಾಗಬೇಡಿ. ಹೇಗೆ ಅಂತ ಕೇಳಿ. ಎಲ್ಲವೂ ಕಾಲಲ್ಲಿದೆ.

ತಡೆಯುವವನು ಎರಡು ಮೂರು ಮೀಟರ್ ದೂರದಲ್ಲಿದ್ದಾನೆ ಅನ್ನಿ. ಚೆಂಡು ಎರಡೂ ಕೈಯಲ್ಲಿರಬೇಕು. ಆಗ ಪಾಸ್ ಕೊಡುತ್ತೀರೋ ಓಡುತ್ತೀರೋ ಅವನಿಗೆ ತಿಳಿಯದು. ಹೆಜ್ಜೆ ಚಿಕ್ಕದು ಮಾಡಿ, ಮಂಡಿ ಬಗ್ಗಿಸಿ. ಎಡಕ್ಕೆ ಹೋಗಬೇಕಾದರೆ ಬಲಗಾಲು ಊರಿ ನೆಲವನ್ನು ಒದೆಯಿರಿ. ಬೇಗ ಮಾಡಿದರೆ ಅವನು ಸುಧಾರಿಸಿಕೊಳ್ಳುತ್ತಾನೆ, ತಡಮಾಡಿದರೆ ಹಿಡಿದೇಬಿಡುತ್ತಾನೆ. ಕಾಲನ್ನು ತೀರಾ ಅಗಲಕ್ಕೆ ಊರಿದರೆ ಜಾರುತ್ತದೆ. ದೊಡ್ಡ ದೇಹ ಹೀಗೆ ಥಟ್ಟನೆ ತಿರುಗುವುದು ಕಷ್ಟ. ಕುಳ್ಳಗಿದ್ದದ್ದೇ ಶೇನ್ ಅವರಿಗೆ ಅನುಕೂಲ.

ಇಷ್ಟು ಸರಳ ಸಂಗತಿ ತಂಡ ಆರಿಸುವ ದೊಡ್ಡವರಿಗೆ ಅರ್ಥವಾಗಲು ವರ್ಷಗಳೇ ಬೇಕಾದವು! 2000ದಲ್ಲಿ ಫ್ರಾನ್ಸ್ ವಿರುದ್ಧ ದೇಶಕ್ಕಾಗಿ ಮೊದಲ ಸಲ ಕಣಕ್ಕಿಳಿದ ಶೇನ್ ಅವರನ್ನು ಆಮೇಲೆ ಕೈಬಿಟ್ಟರು. ಆಳು ಸಣ್ಣ ಅನ್ನುವ ಮಾತು ಬೆನ್ನು ಬಿಡಲಿಲ್ಲ. 2003ರಲ್ಲಿ ಆಸ್ಟ್ರೇಲಿಯಾದ ವಿಶ್ವಕಪ್‌ಗೆ ಕರೆದೊಯ್ದದ್ದೂ ಗುಂಪಿನಿಂದ ಚೆಂಡು ತೆಗೆದು ಜೊತೆಯವರಿಗೆ ದಾಟಿಸುವ ಸ್ಕ್ರಮ್‌ಹಾಫ್‌ಗಳಲ್ಲಿ ಮೂರನೆಯವರು ಅಂತ, ಅಂದರೆ ಹೆಚ್ಚುಕಡಿಮೆ ಬೆಂಚು ಕಾಯಲು. ಯುರೋಪಿನ ಆರು ತಂಡಗಳು ಪ್ರತಿವರ್ಷ ಆಡುವ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ ಆ ವರ್ಷ ವೇಲ್ಸ್ ಐದಕ್ಕೆ ಐದೂ ಸೋತಿತ್ತು. ವಿಶ್ವಕಪ್‌ನಲ್ಲಿ ಗುಂಪಿನ ಕೊನೆಯ ಪಂದ್ಯ ಸಿಡ್ನಿಯಲ್ಲಿ, ಎದುರಿಗೆ ನ್ಯೂಜಿಲೆಂಡ್. ತರಬೇತುದಾರ ಸ್ಟೀವ್ ಹ್ಯಾನ್ಸನ್ ಮುಖ್ಯ ಆಟಗಾರರಲ್ಲಿ ಹಲವರಿಗೆ ವಿಶ್ರಾಂತಿ ಕೊಟ್ಟು ಶೇನ್ ಅವರನ್ನು ರೆಕ್ಕೆಯ ಜಾಗದಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಇಳಿಸಿದರು. ಚೆಂಡು ಸಿಕ್ಕಿದ್ದೇ ತಡ, ಬಲಗಾಲು, ಎಡಗಾಲು, ಮತ್ತೆ ಬಲಗಾಲು! ಹಿಡಿಯಲು ಬಂದವರ ಕೈಗೆ ಸಿಕ್ಕಿದ್ದು ಗಾಳಿ. ಒಂದು ಟ್ರೈ ಅವರದೇ. ದ್ವಿತೀಯಾರ್ಧದಲ್ಲಿ ಒಂದಷ್ಟು ಹೊತ್ತು ವೇಲ್ಸ್ ಮುಂದಿತ್ತು ಕೂಡ. ಕೊನೆಗೆ 53–37ರಿಂದ ಸೋತಿತು. ಆದರೆ ಆಳು ಸಣ್ಣ ಅನ್ನುವ ಮಾತು ಅಲ್ಲಿಗೆ ನಿಂತಿತು.

ಸಮಯ ಕಡಿಮೆ ಉಳಿದಿದೆ. 2005, 2008ರಲ್ಲಿ ಸಿಕ್ಸ್ ನೇಷನ್ಸ್‌ನ ಐದೂ ಪಂದ್ಯ ಗೆದ್ದ ತಂಡಗಳಲ್ಲಿ ಶೇನ್ ಇದ್ದರು. 2008ರಲ್ಲೇ ವಿಶ್ವದ ವರ್ಷದ ಆಟಗಾರ. ಕೊನೆಯ ಅಂತರರಾಷ್ಟ್ರೀಯ ಪಂದ್ಯ 2011ರ ಡಿಸೆಂಬರ್ 3ರಂದು, ಕಾರ್ಡಿಫ್‌ನಲ್ಲಿ, ಆಸ್ಟ್ರೇಲಿಯಾ ವಿರುದ್ಧ. ಆಟ ಮುಗಿಯಲು ಇನ್ನು ಕ್ಷಣಗಳಷ್ಟೇ ಇದ್ದಾಗ ಚೆಂಡು ಕೈಗೆ ಬಂತು. ಒಯ್ದು ಗೆರೆಯಾಚೆ ಒತ್ತಿದರು.