ಗೋಲು ಹೊಡೆಯದವನ ಲೆಕ್ಕ ಯಾರು ಇಡುತ್ತಾರೆ? ತುಮಕೂರಿನ ಮೈದಾನದಿಂದ ಕಾಂಟೆ ಕಥೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಡಿಯೋ ಪೂರ್ತಿ ಒಬ್ಬನೇ ಆಟಗಾರನದ್ದು. ಎನ್‌ಗೋಲೊ ಕಾಂಟೆ, ಫ್ರಾನ್ಸಿನ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುಭಾಗದಲ್ಲಿ ಆಡುವವನು. ಎತ್ತರ ಸುಮಾರು ಐದೂವರೆ ಅಡಿ. ವರ್ಲ್ಡ್ ಕಪ್ ಗೆದ್ದಿದ್ದಾನೆ, ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ದಿದ್ದಾನೆ, ಇಂಗ್ಲೆಂಡಿನ ಲೀಗನ್ನು ಎರಡು ಬೇರೆ ಬೇರೆ ಕ್ಲಬ್‌ಗಳ ಜೊತೆ ಗೆದ್ದಿದ್ದಾನೆ. ಆದರೂ ಅವನ ಹೈಲೈಟ್ಸ್ ಹುಡುಕಿದರೆ ಗೋಲು ಸಿಗುವುದು ಅಪರೂಪ.

ನೀವು ನೋಡುತ್ತಿರುವುದು ತುಮಕೂರಿನ ಗವರ್ನಮೆಂಟ್ ಜೂನಿಯರ್ ಕಾಲೇಜು ಮೈದಾನ. ಒಂದು ಕಡೆ ಕ್ರಿಕೆಟ್, ಇನ್ನೊಂದು ಕಡೆ ವಾಕಿಂಗ್ ಬಂದವರು, ಉಳಿದ ಜಾಗದಲ್ಲಿ ನಮ್ಮ ಹುಡುಗರ ಫುಟ್‌ಬಾಲ್. ಟೀಮ್ ಮಾಡುವಾಗ ಸ್ವಲ್ಪ ಕೇಳಿಸಿಕೊಳ್ಳಿ. "ಅಣ್ಣ, ನಾನು ಫಾರ್ವರ್ಡ್", "ಅಣ್ಣ, ನಾನೂ ಫಾರ್ವರ್ಡ್". ದಪ್ಪಗಿರುವವನು ಗೋಲಿಗೆ, ಗಟ್ಟಿಮುಟ್ಟಾದವನು ಡಿಫೆನ್ಸ್‌ಗೆ. ಕೊನೆಗೆ ಉಳಿಯುವ ಸಣ್ಣ ಹುಡುಗನಿಗೆ, "ನೀನು ನಡುವೆ ಎಲ್ಲಾದರೂ ಆಡ್ಕೋ". ಕಾಂಟೆ ಆಡಿದ್ದೇ ಆ ಜಾಗದಲ್ಲಿ.

ಅವನು ಹುಟ್ಟಿದ್ದು 1991ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಆಫ್ರಿಕಾದ ಮಾಲಿ ದೇಶದಿಂದ ಬಂದವರು. ಅಪ್ಪ ತೀರಿಕೊಂಡಾಗ ಅವನು ಇನ್ನೂ ಚಿಕ್ಕ ಹುಡುಗ. ಸುರೇನ್ ಅನ್ನುವ ಪ್ಯಾರಿಸ್ ಹೊರವಲಯದ ಒಂದು ಚಿಕ್ಕ ಕ್ಲಬ್ಬಿನಲ್ಲಿ ಆಟ ಕಲಿತು, 19 ವರ್ಷದವರೆಗೂ ಅಲ್ಲೇ ಇದ್ದ. ಯೂರೋಪಿನಲ್ಲಿ ದೊಡ್ಡ ಕ್ಲಬ್‌ಗಳು ಹತ್ತು ಹನ್ನೆರಡು ವರ್ಷಕ್ಕೇ ಹುಡುಗರನ್ನು ಅಕಾಡೆಮಿಗೆ ಸೇರಿಸಿಕೊಳ್ಳುತ್ತವೆ. ಆ ಲೆಕ್ಕದಲ್ಲಿ 19 ಅಂದರೆ ಬಸ್ಸು ಹೊರಟುಹೋದ ಹಾಗೆ. 2010ರಲ್ಲಿ ಬುಲೋನ್ ಕ್ಲಬ್ ಕರೆಯಿತು. ಅಲ್ಲಿ ಆಡುತ್ತಲೇ ಅಕೌಂಟಿಂಗ್ ಓದಿದ. ಫುಟ್‌ಬಾಲ್ ಕೈ ಕೊಟ್ಟರೆ ಹೊಟ್ಟೆಪಾಡಿಗೆ ಒಂದು ದಾರಿ ಬೇಕಲ್ವಾ? 2012–13ರಲ್ಲಿ, 21 ವರ್ಷದವನು ಫ್ರಾನ್ಸಿನ ಮೂರನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ. 2013ರಲ್ಲಿ ಕಾನ್ ಕ್ಲಬ್, ಮರುವರ್ಷವೇ ಆ ತಂಡದ ಜೊತೆ ಮೊದಲ ದರ್ಜೆಗೆ ಬಡ್ತಿ.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ಹೇಳಿ ಜನ ಈ ಕಥೆ ಮುಗಿಸಿಬಿಡುತ್ತಾರೆ. ನನಗೆ ಅಷ್ಟು ಸಾಲದು. ಇಷ್ಟು ವರ್ಷ ಅವನು ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ? ಕುಳ್ಳ ಅನ್ನುವುದು ಅರ್ಧ ಕಾರಣ. ಅವನು ಮಾಡುವ ಕೆಲಸವನ್ನು ಎಣಿಸುವ ಅಭ್ಯಾಸವೇ ಜಾಸ್ತಿ ಜನಕ್ಕೆ ಇರಲಿಲ್ಲ ಅನ್ನುವುದು ಉಳಿದರ್ಧ. ಗೋಲು ಎಣಿಸುತ್ತೇವೆ. ಎದುರಾಳಿಯ ಪಾಸನ್ನು ನಡುವೆಯೇ ಕಿತ್ತುಕೊಂಡಿದ್ದನ್ನು ಎಣಿಸುವವರು ಯಾರು?

ಇಂಗ್ಲೆಂಡಿನ ಲೆಸ್ಟರ್ ಕ್ಲಬ್ಬಿನವರು ಎಣಿಸಿದರು. ಅಲ್ಲಿ ಆಟಗಾರರನ್ನು ಹುಡುಕುವ ಹೊಣೆ ಹೊತ್ತಿದ್ದವರು ಸ್ಟೀವ್ ವಾಲ್ಶ್. ಇವನೇ ಬೇಕು ಅಂತ ಪಟ್ಟು ಹಿಡಿದು, 2015ರಲ್ಲಿ ಸುಮಾರು 56 ಲಕ್ಷ ಪೌಂಡಿಗೆ ಕಾಂಟೆಯನ್ನು ತರಿಸಿದರು. ಫುಟ್‌ಬಾಲ್ ಮಾರ್ಕೆಟ್ಟಿನಲ್ಲಿ ಅದು ಚಿಲ್ಲರೆ ದುಡ್ಡು. ಆ ಸೀಸನ್‌ನಲ್ಲಿ ಅವನು ಮಾಡಿದ ಟ್ಯಾಕಲ್‌ಗಳು, ಅಂದರೆ ಎದುರಾಳಿಯ ಕಾಲಿನಿಂದ ಬಾಲ್ ಕಿತ್ತುಕೊಳ್ಳುವ ಪ್ರಯತ್ನಗಳು, ಒಟ್ಟು 175. ಇಡೀ ಲೀಗಿನಲ್ಲೇ ಜಾಸ್ತಿ.

ಈಗ ಸ್ಕ್ರೀನ್ ಮೇಲೆ ಬರುವ ನಂಬರ್‌ಗಳನ್ನು ನಿಧಾನವಾಗಿ ನೋಡಿ. 2014–15ರಲ್ಲಿ ಲೆಸ್ಟರ್ 14ನೇ ಸ್ಥಾನ. ಕಾಂಟೆ ಬಂದ ಮೇಲೆ ಚಾಂಪಿಯನ್. ಅವನು ಬಿಟ್ಟುಹೋದ ಮೇಲೆ 12. ಅದೇ 2015–16ರಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ 10ನೇ ಸ್ಥಾನ. ಕಾಂಟೆ ಸೇರಿದ ವರ್ಷ ಚಾಂಪಿಯನ್. ಎಲ್ಲವೂ ಅವನೊಬ್ಬನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಲೆಸ್ಟರ್‌ನಲ್ಲಿ ವಾರ್ಡಿ, ಮಾಹ್ರೆಜ್ ಇದ್ದರು, ಚೆಲ್ಸಿಗೆ ಹೊಸ ಕೋಚ್ ಆಂಟೋನಿಯೊ ಕೊಂಟೆ ಬಂದಿದ್ದರು. ಆದರೆ ಎರಡೂ ಕಡೆ ಇದ್ದವನು ಒಬ್ಬನೇ. 2017ರಲ್ಲಿ ಇಂಗ್ಲೆಂಡಿನ ಆಟಗಾರರೇ ವೋಟು ಹಾಕಿ ಅವನನ್ನು ವರ್ಷದ ಆಟಗಾರ ಅಂತ ಆರಿಸಿದರು. ಎದುರಿಗೆ ಆಡಿದವರಿಗೆ ಅವನ ಬೆಲೆ ಗೊತ್ತಿತ್ತು.

2018ರ ವರ್ಲ್ಡ್ ಕಪ್ ಫೈನಲ್‌ನಲ್ಲಿ 55ನೇ ನಿಮಿಷಕ್ಕೇ ಅವನನ್ನು ಹೊರಗೆ ಕರೆದರು. ಅವತ್ತು ಅವನ ಆಟ ಚೆನ್ನಾಗಿರಲಿಲ್ಲ, ಅದೂ ನಿಜ. ನಾನು ಮತ್ತೆ ಮತ್ತೆ ನೋಡುವುದು ಬೇರೆ ಪಂದ್ಯ.

2021ರ ಮೇ 5. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಎರಡನೆಯದು, ಚೆಲ್ಸಿ ಎದುರಿಗೆ ಸ್ಪೇನಿನ ರಿಯಲ್ ಮ್ಯಾಡ್ರಿಡ್. ಅವರ ನಡುಭಾಗದಲ್ಲಿ ಮಾಡ್ರಿಚ್, ಕ್ರೂಸ್, ಕ್ಯಾಸೆಮಿರೊ. 28ನೇ ನಿಮಿಷದಲ್ಲಿ ಕಾಂಟೆ ಬಾಲ್ ಹಿಡಿದು ಮುಂದೆ ನುಗ್ಗಿ, ವೆರ್ನರ್ ಜೊತೆ ಕೊಟ್ಟು ತೆಗೆದುಕೊಂಡು, ಹಾವರ್ಟ್ಸ್‌ಗೆ ಪಾಸ್ ಹಾಕುತ್ತಾನೆ. ಹಾವರ್ಟ್ಸ್ ಎತ್ತಿದ ಬಾಲ್ ಕ್ರಾಸ್‌ಬಾರ್‌ಗೆ ಬಡಿದು ವಾಪಸ್ ಬರುತ್ತದೆ, ವೆರ್ನರ್ ತಲೆ ಕೊಟ್ಟು ಒಳಗೆ ಹಾಕುತ್ತಾನೆ. 85ನೇ ನಿಮಿಷ. ಎಲ್ಲರ ಕಾಲೂ ಸೋತಿರುವ ಹೊತ್ತು. ಮ್ಯಾಡ್ರಿಡ್ ಬಾಕ್ಸ್ ಹತ್ತಿರವೇ ಕಾಂಟೆ ಬಾಲ್ ಕಿತ್ತುಕೊಂಡು ಪುಲಿಸಿಕ್‌ಗೆ ಕೊಡುತ್ತಾನೆ, ಪುಲಿಸಿಕ್ ಮೌಂಟ್‌ಗೆ, ಗೋಲು. ಸ್ಕೋರ್‌ಬೋರ್ಡ್ ಮೇಲೆ ವೆರ್ನರ್, ಮೌಂಟ್ ಹೆಸರು. ಎರಡರ ಬುಡದಲ್ಲೂ ಕಾಂಟೆ. ಸೆಮಿಫೈನಲ್‌ನ ಎರಡೂ ಪಂದ್ಯಗಳಲ್ಲಿ, ಆಮೇಲೆ ಫೈನಲ್‌ನಲ್ಲಿ ಕೂಡ, ಪಂದ್ಯದ ಆಟಗಾರ ಅವನೇ.

ಈಗ ಮತ್ತೆ ನಮ್ಮ ಮೈದಾನಕ್ಕೆ ಬನ್ನಿ, ಈ ನೀಲಿ ಜರ್ಸಿ ಹುಡುಗನನ್ನು ನೋಡಿ. ಬಾಲ್ ಇನ್ನೂ ಆ ಕಡೆ ಇದೆ. ಅವನು ಒಂದು ಸಲ ಬಲಗಡೆ ಹೆಗಲ ಮೇಲಿಂದ ನೋಡಿದ, ಒಂದು ಸಲ ಎಡಗಡೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಪಾಸ್ ಬಂತು, ನೇರವಾಗಿ ಅವನ ಕಾಲಿಗೆ. ಅದೃಷ್ಟ ಅನ್ನಿಸುತ್ತೆ ಅಲ್ವಾ? ಈ ಸಂಜೆ ಅವನು ಇದನ್ನೇ ಮತ್ತೆ ಮತ್ತೆ ಮಾಡಿದ್ದು ನನ್ನ ಕ್ಯಾಮೆರಾದಲ್ಲಿದೆ. ಇವನು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಟ್ರಯಲ್ಸ್‌ಗೆ ಹೋಗಿ ಬಂದ. ಹತ್ತು ನಿಮಿಷ ಆಡಿಸಿ, ಹೈಟ್ ಸಾಲದು ಅಂತ ಕಳಿಸಿದರು. ಹತ್ತು ನಿಮಿಷದಲ್ಲಿ ಸ್ಟ್ರೈಕರ್ ಗೋಲು ಹೊಡೆದು ತೋರಿಸಬಹುದು. ಮಿಡ್‌ಫೀಲ್ಡರ್ ಏನು ತೋರಿಸಬೇಕು? ಆ ಹುಡುಗ ಬಂದು "ಬಿಡಿ ಅಣ್ಣ" ಅಂದಾಗ ನನಗೆ ತುಂಬಾ ಸಂಕಟವಾಯಿತು.

ಇದು ಇವತ್ತಿನ ಕಥೆಯೂ ಅಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಆಸ್ಟ್ರೇಲಿಯಾ ಮೇಲೆ ನೆವಿಲ್ ಡಿಸೋಜಾ ಹೊಡೆದ ಮೂರು ಗೋಲು ಈಗಲೂ ಎಲ್ಲರ ಬಾಯಲ್ಲಿದೆ. ಅದೇ ತಂಡದಲ್ಲಿ ಹಾಫ್‌ಬ್ಯಾಕ್, ಅಂದರೆ ನಡುಭಾಗದ ಆಟಗಾರ ಆಗಿದ್ದ ನಮ್ಮ ಬೆಂಗಳೂರಿನ ಕೆಂಪಯ್ಯ ಅವರ ಹೆಸರು ಈ ಮೈದಾನದಲ್ಲಿ ಎಷ್ಟು ಜನಕ್ಕೆ ಗೊತ್ತು?

ಕಾಂಟೆಯ ಉಳಿದ ಕಥೆ ಬೇಗ ಹೇಳುತ್ತೇನೆ. ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟು ಬಿದ್ದು 2022ರಲ್ಲಿ ಆಪರೇಷನ್ ಆಯಿತು, ಕತಾರ್ ವರ್ಲ್ಡ್ ಕಪ್ ತಪ್ಪಿತು. 2023ರಲ್ಲಿ ಸೌದಿಯ ಅಲ್ ಇತ್ತಿಹಾದ್ ಸೇರಿದ. ಅವನ ಆಟ ಮುಗಿಯಿತು ಅಂದುಕೊಂಡವರೇ ಜಾಸ್ತಿ. 2024ರ ಯೂರೋ ಕಪ್‌ಗೆ ಫ್ರಾನ್ಸ್ ಮತ್ತೆ ಕರೆಯಿತು. ಮೊದಲ ಪಂದ್ಯದಲ್ಲೇ, ಆಸ್ಟ್ರಿಯಾ ಎದುರು, 33ನೇ ವಯಸ್ಸಿನಲ್ಲಿ ಪಂದ್ಯದ ಆಟಗಾರ.

ಭಾನುವಾರ ಬೆಳಿಗ್ಗೆ ಆರೂವರೆಗೆ ಇದೇ ಮೈದಾನದಲ್ಲಿ ನಮ್ಮ ಹುಡುಗರ ಮ್ಯಾಚ್ ಇದೆ. ಈ ಸಲ ಗೋಲಿನ ಜೊತೆಗೆ ಯಾರು ಎಷ್ಟು ಸಲ ಬಾಲ್ ಗೆದ್ದುಕೊಟ್ಟರು ಅಂತಲೂ ಬರೆದಿಡುತ್ತೇವೆ. ಒಬ್ಬನಿಂದ ಆಗುವ ಕೆಲಸವಲ್ಲ, ಒಂದೊಂದು ಟೀಮಿಗೆ ಒಬ್ಬೊಬ್ಬರಾದರೂ ಬೇಕು. ತುಮಕೂರಿನವರಾದರೆ ಬನ್ನಿ. ನೋಟ್‌ಬುಕ್, ಪೆನ್ನು ನಾನೇ ತರುತ್ತೇನೆ.